ಮೆಷಿನ್‌ಗೆ ಯಾವಾಗ ಕೈ ಹಾಕಬೇಕು, ಯಾವಾಗ ಸುಮ್ನಿರಬೇಕು

ಪೀಣ್ಯದ ಒಂದು ಚಿಕ್ಕ ಮೆಷಿನ್ ಶಾಪ್‌ನಲ್ಲಿ ಇನ್‌ಸ್ಪೆಕ್ಷನ್ ಕೆಲಸಕ್ಕೆ ಸೇರಿದ ಹೊಸತು. ಸಿಎನ್‌ಸಿ ಲೇತ್‌ನಲ್ಲಿ, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಲೋಹವನ್ನು ತಿರುಗಿಸಿ ಕೆತ್ತುವ ಮೆಷಿನ್‌ನಲ್ಲಿ, 25 ಮಿ.ಮೀ. ವ್ಯಾಸದ ಶಾಫ್ಟ್ ಓಡುತ್ತಿತ್ತು. ಡ್ರಾಯಿಂಗ್ ಪ್ರಕಾರ 15 ಮೈಕ್ರಾನ್ ಜಾಸ್ತಿ ಆಗಬಹುದು, 15 ಕಮ್ಮಿ ಆಗಬಹುದು, ಅದಕ್ಕಿಂತ ಆಚೆ ಹೋದರೆ ರಿಜೆಕ್ಟ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್, ಅಂದರೆ ನಮಗೆ ಸಿಕ್ಕಿದ್ದು ಕೂದಲೆಳೆಗಿಂತ ಕಮ್ಮಿ ಜಾಗ.

ಆ ಮೆಷಿನ್ ಮೇಲಿದ್ದ ಆಪರೇಟರ್ ಅಣ್ಣನಷ್ಟು ಶ್ರದ್ಧೆಯವರು ಆ ಶಾಪ್‌ನಲ್ಲಿ ಇನ್ನೊಬ್ಬರಿರಲಿಲ್ಲ. ಪೀಸ್ ಹೊರಗೆ ಬಂದ ತಕ್ಷಣ ಬಟ್ಟೆಯಲ್ಲಿ ಒರೆಸಿ ಮೈಕ್ರೋಮೀಟರ್ ಹಿಡಿಯುತ್ತಿದ್ದರು. 6 ಮೈಕ್ರಾನ್ ಜಾಸ್ತಿ ಬಂದಿದ್ದರೆ ಆಫ್‌ಸೆಟ್‌ನಲ್ಲಿ, ಅಂದರೆ ಟೂಲ್ ಎಲ್ಲಿ ನಿಂತು ಕೆತ್ತಬೇಕು ಅಂತ ಮೆಷಿನ್‌ಗೆ ಹೇಳುವ ಅಂಕಿಯಲ್ಲಿ, 6 ಇಳಿಸುತ್ತಿದ್ದರು. 5 ಕಮ್ಮಿ ಬಂದರೆ 5 ಏರಿಸುತ್ತಿದ್ದರು. ಪಕ್ಕದಲ್ಲೇ ಅಂಥದ್ದೇ ಮೆಷಿನ್, ಅದೇ ಪಾರ್ಟ್. ಅಲ್ಲಿನ ಹುಡುಗ ಗಂಟೆಗೊಮ್ಮೆ ಎರಡು ಪೀಸ್ ನೋಡಿ ಬಿಡುತ್ತಿದ್ದ. ಆದರೂ ರಿಜೆಕ್ಷನ್ ಅಣ್ಣನ ಮೆಷಿನ್‌ನಲ್ಲೇ ಜಾಸ್ತಿ.

‘ನೋಡಪ್ಪಾ, ಒಂದು ಪೀಸೂ ಬಿಡದೆ ಅಳೀತೀನಿ. ಆದ್ರೂ ನನ್ ಮೆಷಿನ್‌ದೇ ಯಾಕೆ ಸೈಜ್ ಔಟ್ ಆಗುತ್ತೆ?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಹುಡುಕಿಕೊಂಡು ಹೋದಾಗಲೇ ನನಗೆ ಎಸ್‌ಕ್ಯೂಸಿ, ಅಂದರೆ ಸ್ಟ್ಯಾಟಿಸ್ಟಿಕಲ್ ಕ್ವಾಲಿಟಿ ಕಂಟ್ರೋಲ್, ನಿಜವಾಗಿ ಅರ್ಥವಾಗಿದ್ದು.

ಆ ಉತ್ತರವನ್ನು ಒಂದು ಚೀಟಿಯ ಮೇಲೆ ಲೆಕ್ಕ ಹಾಕಿ ನೋಡಬಹುದು. ಮೆಷಿನ್‌ಗೆ ಯಾರೂ ಕೈ ಹಾಕದಿದ್ದಾಗ ಆರು ಪೀಸ್‌ಗಳು 25 ಮಿ.ಮೀ.ಗಿಂತ ಇಷ್ಟು ಆಚೀಚೆ ಬರುತ್ತಿದ್ದವು ಅಂದುಕೊಳ್ಳಿ: ಪ್ಲಸ್ 6, ಮೈನಸ್ 5, ಪ್ಲಸ್ 3, ಮೈನಸ್ 7, ಪ್ಲಸ್ 4, ಮೈನಸ್ 2 ಮೈಕ್ರಾನ್. ಎಲ್ಲ ಒಳ್ಳೆಯ ಪೀಸ್‌ಗಳೇ. ಈಗ ಅಣ್ಣನ ಪದ್ಧತಿ ಹಾಕಿ. ಮೊದಲ ಪೀಸ್ ಪ್ಲಸ್ 6 ಬಂತು, ಆಫ್‌ಸೆಟ್ 6 ಇಳಿಸಿದರು. ಎರಡನೆಯದು ತಾನಾಗಿಯೇ ಮೈನಸ್ 5 ಬರಬೇಕಿತ್ತು. ಅದರ ಮೇಲೆ ಇಳಿಸಿದ 6 ಸೇರಿ ಮೈನಸ್ 11 ಆಯಿತು. ಗಾಬರಿಯಾಗಿ 11 ಏರಿಸಿದರು. ಮೂರನೆಯದು ಪ್ಲಸ್ 8. ಹೀಗೇ ಮುಂದೆ ಹೋದರೆ ಮೈನಸ್ 10, ಪ್ಲಸ್ 11, ಮೈನಸ್ 6. ಕೈ ಹಾಕದಿದ್ದರೆ ಮೇಲಿನ ತುದಿಯಿಂದ ಕೆಳಗಿನ ತುದಿಗೆ 13 ಮೈಕ್ರಾನ್ ಇತ್ತು. ಕೈ ಹಾಕಿದ್ದಕ್ಕೆ 22 ಆಯಿತು.

ಈ ಆರು ಅಂಕಿಗಳನ್ನು ವ್ಯತ್ಯಾಸ ಎದ್ದು ಕಾಣಲಿ ಅಂತಲೇ ಆರಿಸಿದ್ದೇನೆ. ಸಾವಿರಾರು ಪೀಸ್ ಮೇಲೆ ಲೆಕ್ಕ ಹಾಕಿದರೆ, ಪ್ರತಿ ಪೀಸಿಗೂ ಪೂರ್ತಿ ತಿದ್ದುವ ಪದ್ಧತಿಯಲ್ಲಿ ಏರುಪೇರು ಸುಮಾರು 1.41 ಪಟ್ಟು ಆಗುತ್ತದೆ. ಕಾರಣ ಸರಳ. ಪ್ರತಿ ಪೀಸ್‌ನಲ್ಲೂ ಈಗ ಎರಡು ಏರುಪೇರು ಸೇರಿಕೊಂಡಿವೆ. ಒಂದು ಅದರದ್ದೇ, ಇನ್ನೊಂದು ಹಿಂದಿನ ಪೀಸ್‌ನಿಂದ ಸಾಲ ಪಡೆದದ್ದು. ಅಣ್ಣನ ಶ್ರದ್ಧೆಯಲ್ಲಿ ಕೊರತೆ ಇರಲಿಲ್ಲ. ಆ ಶ್ರದ್ಧೆ ಎಲ್ಲಿ ಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಅಮೆರಿಕದ ಷಿಕಾಗೊ ಪಕ್ಕದಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ ಇತ್ತು. ಟೆಲಿಫೋನ್ ಸಾಮಾನು ಮಾಡುತ್ತಿದ್ದರು. 1920ರ ದಶಕದಲ್ಲಿ ಅಲ್ಲೂ ಇದೇ ಗೋಳು. ತಪ್ಪು ಕಂಡಾಗಲೆಲ್ಲ ತಿದ್ದುತ್ತಾ ಹೋದಷ್ಟೂ ಸರಕು ಇನ್ನಷ್ಟು ಏರುಪೇರಾಗುತ್ತಿತ್ತು. ಆ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ ಎಂಬ ಭೌತಶಾಸ್ತ್ರಜ್ಞ 1924ರ ಮೇ 16ರಂದು ತನ್ನ ಮೇಲಧಿಕಾರಿಗೆ ಒಂದು ಪುಟದ ಟಿಪ್ಪಣಿ ಕಳುಹಿಸಿದರು. ಅದರಲ್ಲಿ ಒಂದು ಪುಟ್ಟ ಚಿತ್ರ ಇತ್ತು. ನಾವು ಇವತ್ತು ಕಂಟ್ರೋಲ್ ಚಾರ್ಟ್ ಅಂತ ಕರೆಯುವುದರ ಹುಟ್ಟು ಅದು.

ಏರುಪೇರು ಅಂದರೇನು ಅಂತ ತೋರಿಸಲು ಶೂಹಾರ್ಟ್ ಇಂಗ್ಲಿಷಿನ ‘ಎ’ ಅಕ್ಷರವನ್ನು ಮತ್ತೆ ಮತ್ತೆ ಬರೆದು ನೋಡಿ ಎಂದಿದ್ದರು. ನಾವು ‘ಅ’ ಬರೆಯೋಣ. ಒಂದು ಹಾಳೆ ತಗೊಳ್ಳಿ, ಒಂದೇ ಪೆನ್ನಿನಲ್ಲಿ, ಒಂದೇ ಗತಿಯಲ್ಲಿ ಹತ್ತು ಸಲ ‘ಅ’ ಬರೆಯಿರಿ. ಎಷ್ಟೇ ಜೋಪಾನ ಮಾಡಿದರೂ ಹತ್ತೂ ಒಂದೇ ಥರ ಬರುವುದಿಲ್ಲ. ಆದರೆ ಹತ್ತೂ ನಿಮ್ಮ ‘ಅ’ಗಳೇ. ಒಂದರ ಹೊಟ್ಟೆ ಯಾಕೆ ತುಸು ದಪ್ಪ ಅಂತ ಕೇಳಿದರೆ ಹೇಳುವುದಕ್ಕೆ ಪ್ರತ್ಯೇಕ ಕಾರಣ ಇಲ್ಲ. ಬೆರಳು, ಕಾಗದ, ಪೆನ್ನು, ಉಸಿರು ಎಲ್ಲ ಸೇರಿ ಆಗಿದ್ದು. ಈಗ ಏಳನೆಯದನ್ನು ಬರೆಯುವಾಗ ಮಗು ಬಂದು ಮೊಣಕೈ ತಳ್ಳಿತು. ಆ ‘ಅ’ದ ಬಾಲ ಹಾಳೆಯ ತುದಿಗೆ ಹೋಯಿತು. ಇದಕ್ಕೆ ಕಾರಣ ಇದೆ, ಬೆರಳು ಮಾಡಿ ತೋರಿಸಬಹುದು.

ಮೊದಲನೆಯದು ಸಾಮಾನ್ಯ ಕಾರಣದ ಏರುಪೇರು. ಎರಡನೆಯದು ವಿಶೇಷ ಕಾರಣದ್ದು. ಎಸ್‌ಕ್ಯೂಸಿ ಕಲಿಯುವವರು ಸೂತ್ರಕ್ಕಿಂತ ಮೊದಲು ಈ ಎರಡನ್ನು ಬೇರೆ ಮಾಡುವುದನ್ನು ಕಲಿಯಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಯಾಕಂದರೆ ಎರಡಕ್ಕೂ ಮದ್ದು ಬೇರೆ. ಮಗು ಬಂದರೆ ಬಾಗಿಲು ಹಾಕಬೇಕು. ಹೊಟ್ಟೆ ತುಸು ದಪ್ಪ ಆದದ್ದಕ್ಕೆ ಪ್ರತಿ ಸಲ ಕೈ ತಿರುಗಿಸುತ್ತಾ ಕೂತರೆ ಅಕ್ಷರ ಇನ್ನಷ್ಟು ಕೆಡುತ್ತದೆ. ಅಣ್ಣ ಮಾಡುತ್ತಿದ್ದದ್ದು ಇದನ್ನೇ.

ಆದರೆ ಕಬ್ಬಿಣದ ಶಾಫ್ಟ್ ನೋಡಿ ಇದು ಯಾವ ಥರದ್ದು ಅಂತ ಹೇಗೆ ಹೇಳುವುದು? ಪ್ಲಸ್ 9 ಬಂದಿದೆ. ಸುಮ್ನೆ ಬಂದಿದೆಯಾ, ಯಾರೋ ಮೊಣಕೈ ತಳ್ಳಿದರಾ? ಚಾರ್ಟ್ ಇರುವುದು ಇದಕ್ಕೇ.

ಗಂಟೆಗೊಮ್ಮೆ, ಸಾಲಾಗಿ ಬಂದ ಐದು ಪೀಸ್ ತಗೊಳ್ಳಿ, ಅಳೆಯಿರಿ. ಒಂದು ಗಂಟೆಯ ಅಳತೆ ಹೀಗಿದೆ ಅಂದುಕೊಳ್ಳಿ: 25.006, 25.001, 25.012, 24.998, 25.003. ಸರಾಸರಿ 25.004. ಅತಿ ದೊಡ್ಡದರಲ್ಲಿ ಅತಿ ಚಿಕ್ಕದನ್ನು ಕಳೆದರೆ 14 ಮೈಕ್ರಾನ್, ಇದು ರೇಂಜ್. ಸರಾಸರಿಗೊಂದು ಗ್ರಾಫ್, ರೇಂಜ್‌ಗೊಂದು ಗ್ರಾಫ್, ಒಂದರ ಕೆಳಗೆ ಒಂದು. ಪ್ರತಿ ಗಂಟೆ ಎರಡು ಚುಕ್ಕೆ. ಹೀಗೆ ಇಪ್ಪತ್ತೈದು ಸಲ ಆಗುವ ತನಕ ಗೆರೆ ಎಳೆಯುವ ಆತುರ ಬೇಡ.

ಇಪ್ಪತ್ತೈದು ಆದ ಮೇಲೆ, ಸರಾಸರಿಗಳ ಸರಾಸರಿ 25.004 ಬಂತು, ರೇಂಜ್‌ಗಳ ಸರಾಸರಿ 14 ಬಂತು ಎನ್ನೋಣ. ಐದೈದು ಪೀಸ್ ತೆಗೆದಾಗ ಬಳಸುವ ಗುಣಕ 0.577. ಅದನ್ನು 14ಕ್ಕೆ ಗುಣಿಸಿದರೆ 8 ಮೈಕ್ರಾನ್. ಹಾಗಾಗಿ ಸರಾಸರಿಯ ಗ್ರಾಫ್‌ನಲ್ಲಿ ಮೇಲಿನ ಗೆರೆ 25.012, ಕೆಳಗಿನ ಗೆರೆ 24.996. ರೇಂಜ್‌ನ ಮೇಲಿನ ಗೆರೆಗೆ ಗುಣಕ 2.114, ಅಂದರೆ ಹತ್ತಿರ ಹತ್ತಿರ 30 ಮೈಕ್ರಾನ್. ಈ ಗುಣಕಗಳ ಪಟ್ಟಿ ಯಾವುದೇ ಎಸ್‌ಕ್ಯೂಸಿ ಪುಸ್ತಕದ ಕೊನೆಯಲ್ಲಿ ಇರುತ್ತದೆ, ಬಾಯಿಪಾಠ ಮಾಡಬೇಕಿಲ್ಲ. ಕೂಡುವುದು, ಕಳೆಯುವುದು, ಒಂದು ಗುಣಾಕಾರ, ಅಷ್ಟೇ. ಎಂಟನೇ ಕ್ಲಾಸಿನ ಮಕ್ಕಳೂ ಮಾಡಬಲ್ಲ ಲೆಕ್ಕ. ಮೊದಲ ಚಾರ್ಟನ್ನು ಗ್ರಾಫ್ ಹಾಳೆಯಲ್ಲಿ ಪೆನ್ಸಿಲ್‌ನಿಂದಲೇ ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕಂಪ್ಯೂಟರ್ ಚುಕ್ಕೆ ಇಟ್ಟರೆ ಕಣ್ಣಿಗೆ ಕಾಣುತ್ತದೆ, ಕೈಯಲ್ಲಿ ಇಟ್ಟರೆ ತಲೆಗೆ ಹೋಗುತ್ತದೆ.

ಈ ಗೆರೆಗಳು ಸರಾಸರಿಯಿಂದ ಮೂರು ಸಿಗ್ಮಾ ದೂರದಲ್ಲಿವೆ. ಸಿಗ್ಮಾ ಅಂದರೆ ಅಳತೆಗಳು ಎಷ್ಟು ಹರಡಿಕೊಂಡಿವೆ ಅಂತ ಹೇಳುವ ಒಂದು ಅಂಕಿ. ಸರಾಸರಿಯ ಗ್ರಾಫ್‌ನಲ್ಲಿ ಅದು ಐದರ ಸರಾಸರಿಗಳ ಸಿಗ್ಮಾ, ಒಂದೊಂದು ಪೀಸ್‌ನ ಸಿಗ್ಮಾ ಅದಕ್ಕಿಂತ ದೊಡ್ಡದು. ಅಳತೆಗಳು ಗುಡಿಯ ಗಂಟೆಯ ಆಕಾರದಲ್ಲಿ, ಅಂದರೆ ನಡುವೆ ಜಾಸ್ತಿ, ಅಂಚಿಗೆ ಕಮ್ಮಿ ಆಗುವ ಹಾಗೆ ಹರಡಿದ್ದರೆ, ವಿಶೇಷ ಕಾರಣ ಏನೂ ಇಲ್ಲದೆಯೇ ಗೆರೆ ದಾಟುವ ಚುಕ್ಕೆ ಸಾವಿರಕ್ಕೆ ಮೂರು. ಗೆರೆಯನ್ನು ಹತ್ತಿರ ಎಳೆದರೆ ಸುಮ್‌ಸುಮ್ನೆ ಓಡಿ ಬರುವುದು ಜಾಸ್ತಿ. ದೂರ ಎಳೆದರೆ ನಿಜವಾದ ತೊಂದರೆ ತಪ್ಪಿಸಿಕೊಳ್ಳುತ್ತದೆ. ಎರಡೂ ನಷ್ಟವೇ. ಎರಡನ್ನೂ ತೂಗಿ ನೋಡಿ, ಕೆಲಸದಲ್ಲಿ ಪಳಗಿದ ಮೇಲೆ ಶೂಹಾರ್ಟ್ ಮೂರನ್ನು ಆರಿಸಿಕೊಂಡರು.

ಗೆರೆ ದಾಟದೆಯೂ ಚಾರ್ಟ್ ಮಾತಾಡುತ್ತದೆ. ಎಂಟು ಚುಕ್ಕೆ ಸಾಲಾಗಿ ನಡುಗೆರೆಯ ಒಂದೇ ಕಡೆ ಬಿದ್ದರೆ ಎದ್ದು ಹೋಗಿ ನೋಡಬೇಕು. ನಾಣ್ಯ ಚಿಮ್ಮಿದಾಗ ಎಂಟು ಸಲವೂ ತಲೆಯೇ ಬೀಳುವ ಸಂಭವ 256ಕ್ಕೆ ಒಂದು. ಆರೇಳು ಚುಕ್ಕೆ ಮೆಟ್ಟಿಲು ಹತ್ತಿದ ಹಾಗೆ ಏರುತ್ತಿದ್ದರೆ ಅದೂ ಸುಳಿವು. ಶಾಫ್ಟ್ ಹೊರಮೈ ತಿರುಗಿಸುವಾಗ ಟೂಲ್ ಸವೆದಂತೆ ವ್ಯಾಸ ನಿಧಾನವಾಗಿ ಬೆಳೆಯುತ್ತದೆ. ಇಲ್ಲಿ ಆಫ್‌ಸೆಟ್ ಕೊಡುವುದು ಸರಿಯಾದ ಕೆಲಸವೇ. ಆದರೆ ಒಂದು ಪೀಸ್ ನೋಡಿ ಅಲ್ಲ. ಇಷ್ಟು ಪೀಸ್‌ಗೆ ಇಷ್ಟು ಮೈಕ್ರಾನ್ ಏರುತ್ತದೆ ಅಂತ ಚಾರ್ಟ್ ನೋಡಿ ತಿಳಿದು, ಅಷ್ಟು ಪೀಸಿಗೊಮ್ಮೆ ಅಷ್ಟೇ ಇಳಿಸಬೇಕು.

ಇಲ್ಲಿ ತುಂಬಾ ಜನ ಎಡವುವ ಜಾಗ ಒಂದಿದೆ, ಸ್ವಲ್ಪ ನಿಲ್ಲೋಣ. ಐದು ಪೀಸ್ ಎಲ್ಲಿಂದ ತೆಗೆದಿರಿ? ಎರಡು ಮೆಷಿನ್‌ನ ಪೀಸ್‌ಗಳು ಒಂದೇ ಟ್ರೇಗೆ ಬೀಳುತ್ತವೆ, ಆ ಟ್ರೇಯಿಂದ ಐದು ಎತ್ತಿಕೊಂಡಿರಿ ಎನ್ನೋಣ. ಒಂದು ಮೆಷಿನ್ ಪ್ಲಸ್ ಕಡೆ, ಇನ್ನೊಂದು ಮೈನಸ್ ಕಡೆ. ಐದರಲ್ಲಿ ಎರಡೂ ಬೆರೆತು ರೇಂಜ್ ದೊಡ್ಡದಾಗುತ್ತದೆ. ರೇಂಜ್‌ನಿಂದಲೇ ಗೆರೆ ಲೆಕ್ಕ ಹಾಕುವುದರಿಂದ ಗೆರೆಗಳೂ ಅಗಲವಾಗುತ್ತವೆ. ಚುಕ್ಕೆಗಳೆಲ್ಲ ನಡುಗೆರೆಗೆ ಅಂಟಿಕೊಂಡು ಕೂರುತ್ತವೆ. ಚಾರ್ಟ್ ನೋಡಿದವರಿಗೆ ‘ಎಷ್ಟು ಚೆನ್ನಾಗಿದೆ’ ಅನ್ನಿಸುತ್ತದೆ. ನಾನು ಹೀಗೇ ಎರಡು ವಾರ ಚಾರ್ಟ್ ಹಾಕಿದ್ದೆ. ಆ ಚಾರ್ಟ್‌ಗೆ ಏನೂ ಹಿಡಿಯುವ ಶಕ್ತಿ ಇರಲಿಲ್ಲ. ಐದು ಪೀಸ್ ಒಂದೇ ಮೆಷಿನ್, ಒಂದೇ ಟೂಲ್, ಒಂದೇ ಹೊತ್ತಿನವು ಆಗಿರಬೇಕು. ಆಗ ರೇಂಜ್ ಆ ಮೆಷಿನ್‌ನ ಸಹಜ ಅಲುಗಾಟವನ್ನು ಮಾತ್ರ ಹೇಳುತ್ತದೆ. ಗಂಟೆಯಿಂದ ಗಂಟೆಗೆ ಏನಾದರೂ ಬದಲಾದರೆ ಸರಾಸರಿಯ ಗ್ರಾಫ್‌ನಲ್ಲಿ ಎದ್ದು ಕಾಣುತ್ತದೆ.

ಇನ್ನೊಂದು ಎಡವಟ್ಟು: ಡ್ರಾಯಿಂಗ್‌ನ ಮಿತಿಯನ್ನು ಚಾರ್ಟ್ ಮೇಲೆ ಗೆರೆಯಾಗಿ ಎಳೆಯುವುದು. ಡ್ರಾಯಿಂಗ್ ಹೇಳುವುದು ಗಿರಾಕಿಗೆ ಏನು ಬೇಕು ಅಂತ. ಚಾರ್ಟ್‌ನ ಗೆರೆ ಹೇಳುವುದು ಮೆಷಿನ್ ಏನು ಕೊಡಬಲ್ಲದು ಅಂತ. ಅಷ್ಟೇ ಅಲ್ಲ, ಚಾರ್ಟ್ ಮೇಲಿರುವುದು ಐದರ ಸರಾಸರಿ, ಡ್ರಾಯಿಂಗ್ ಮಾತಾಡುವುದು ಒಂದೊಂದು ಪೀಸ್ ಬಗ್ಗೆ. ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಬಾರದು.

ಬೆರೆಸಬಾರದು ನಿಜ, ಆದರೆ ಹೋಲಿಸಲೇಬೇಕು. ಚಾರ್ಟ್ ಶಾಂತವಾದ ಮೇಲೆ, ಅಂದರೆ ವಿಶೇಷ ಕಾರಣಗಳೆಲ್ಲ ಹೋದ ಮೇಲೆ, ಹೋಲಿಕೆಗೆ ಅರ್ಥ ಬರುತ್ತದೆ. ಸರಾಸರಿ ರೇಂಜ್ 14ನ್ನು 2.326ರಿಂದ ಭಾಗಿಸಿದರೆ ಸಿಗ್ಮಾ 6 ಮೈಕ್ರಾನ್. ಮೆಷಿನ್‌ಗೆ ಬೇಕಾದ ಜಾಗ ಆರು ಸಿಗ್ಮಾ, 36 ಮೈಕ್ರಾನ್. ಡ್ರಾಯಿಂಗ್ ಕೊಟ್ಟದ್ದು 30. ಮೂವತ್ತನ್ನು ಮೂವತ್ತಾರರಿಂದ ಭಾಗಿಸಿದರೆ 0.83. ಇದೇ ಸಿಪಿ, ಮೆಷಿನ್‌ನ ಸಾಮರ್ಥ್ಯ ಹೇಳುವ ಅಂಕಿ. ಒಂದಕ್ಕಿಂತ ಕಮ್ಮಿ ಇದ್ದರೆ, ಮನೆಗಿಂತ ಮಂಚ ದೊಡ್ಡದು ಅಂತ ಅರ್ಥ. ವಾಹನದ ಬಿಡಿಭಾಗ ತಗೊಳ್ಳುವ ಕಂಪನಿಗಳು ಸಾಮಾನ್ಯವಾಗಿ 1.33 ಅಥವಾ ಅದಕ್ಕಿಂತ ಜಾಸ್ತಿ ಕೇಳುತ್ತವೆ. ಅಷ್ಟು ಬರಬೇಕಾದರೆ ಸಿಗ್ಮಾ 3.75ಕ್ಕೆ ಇಳಿಯಬೇಕು.

ಸಿಪಿಗೆ ಒಂದು ಕುರುಡು ಇದೆ. ಮಂಚ ಮನೆಯ ನಡುವೆ ಇದೆಯಾ, ಗೋಡೆಗೆ ತಾಗಿದೆಯಾ ಅಂತ ಅದು ನೋಡುವುದಿಲ್ಲ. ನಮ್ಮ ಸರಾಸರಿ 25.004, ನಡುವಿನಿಂದ 4 ಮೈಕ್ರಾನ್ ಮೇಲೆ. ಹತ್ತಿರದ ಗೋಡೆಗೆ ಉಳಿದದ್ದು 11. ಅದನ್ನು ಮೂರು ಸಿಗ್ಮಾ, ಅಂದರೆ 18ರಿಂದ ಭಾಗಿಸಿದರೆ 0.61. ಇದು ಸಿಪಿಕೆ. ಎರಡೂ ಅಂಕಿಗಳನ್ನು ಒಟ್ಟಿಗೆ ಕೇಳಿ. ಒಂದನ್ನು ಮಾತ್ರ ತೋರಿಸಿದರೆ ಇನ್ನೊಂದನ್ನೂ ತೋರಿಸಿ ಅನ್ನಿ.

ಈಗ ಅಣ್ಣನ ಪ್ರಶ್ನೆಗೆ ಅಂಕಿಯಲ್ಲೇ ಉತ್ತರ ಕೊಡಬಹುದು. ಪ್ರತಿ ಪೀಸಿಗೂ ಆಫ್‌ಸೆಟ್ ಕೊಟ್ಟರೆ ಸಿಗ್ಮಾ 6 ಹೋಗಿ ಎಂಟೂವರೆ ಆಗುತ್ತದೆ, ನೂರಕ್ಕೆ ಏಳೆಂಟು ಪೀಸ್ ಹೊರಗೆ. ಕೈ ತೆಗೆದು ಹಾಗೇ ಬಿಟ್ಟರೆ ನೂರಕ್ಕೆ ಮೂರು ಚಿಲ್ಲರೆ. ನೂರಾ ಇಪ್ಪತ್ತೈದು ಪೀಸ್‌ಗಳ ಸರಾಸರಿ ನಂಬಿ ಒಂದೇ ಒಂದು ಸಲ 4 ಮೈಕ್ರಾನ್ ಇಳಿಸಿದರೆ ನೂರಕ್ಕೆ ಒಂದಕ್ಕಿಂತ ತುಸು ಜಾಸ್ತಿ. ಒಂದು ಪೈಸೆ ಖರ್ಚಿಲ್ಲದೆ ಇಲ್ಲಿಯ ತನಕ ಬರಬಹುದು. ಹೊಸ ಮೆಷಿನ್ ಬೇಕು ಅಂತ ಮಾಲೀಕರ ಹತ್ತಿರ ಹೋಗುವ ಮುಂಚೆ ಇದನ್ನು ಮಾಡಿರಬೇಕು.

ಇಲ್ಲಿಂದ ಮುಂದೆ ದಾರಿ ಕಷ್ಟ. ಉಳಿದ ಸಿಗ್ಮಾ 6 ಸಾಮಾನ್ಯ ಕಾರಣಗಳದ್ದು. ಅದಕ್ಕೆ ಆಪರೇಟರ್‌ನ ಬೈದು ಪ್ರಯೋಜನ ಇಲ್ಲ. ಬಾರ್‌ನ, ಅಂದರೆ ಶಾಫ್ಟ್ ಮಾಡುವ ಕಚ್ಚಾ ಸರಳಿನ ಗಡಸು, ಅದನ್ನು ಹಿಡಿಯುವ ಕಾಲೆಟ್‌ನ ಹಿಡಿತ, ಟೂಲ್ ಎಷ್ಟು ಉದ್ದ ಚಾಚಿದೆ, ತಣ್ಣಗಿಡಲು ಸುರಿಯುವ ಕೂಲಂಟ್, ಕೊನೆಗೆ ಅಳೆಯುವ ಕೈ. ಇವೆಲ್ಲ ಪದ್ಧತಿಯ ಒಳಗೇ ಇವೆ. ಪದ್ಧತಿಯನ್ನು ಬದಲಿಸುವ ಅಧಿಕಾರ ಇರುವವರು ಬದಲಿಸಬೇಕು. 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಎಂಜಿನಿಯರ್‌ಗಳಿಗೂ ಕಂಪನಿಗಳ ಮುಖ್ಯಸ್ಥರಿಗೂ ಪಾಠ ಹೇಳಿದ ಎಡ್ವರ್ಡ್ಸ್ ಡೆಮಿಂಗ್ ಜೀವನವಿಡೀ ಒತ್ತಿ ಹೇಳಿದ ಮಾತು ಇದು.

ಯಾವುದನ್ನು ಮೊದಲು ಹಿಡಿಯಬೇಕು ಅನ್ನುವುದಕ್ಕೆ ಒಂದು ಲೆಕ್ಕ ಇದೆ, ನನಗೆ ತುಂಬಾ ಇಷ್ಟವಾದದ್ದು. ಬೇರೆ ಬೇರೆ ಕಾರಣಗಳ ಸಿಗ್ಮಾಗಳನ್ನು ನೇರವಾಗಿ ಕೂಡುವ ಹಾಗಿಲ್ಲ. ಅವುಗಳ ವರ್ಗವನ್ನು ಕೂಡಬೇಕು. ಬಾರ್‌ನಿಂದ 5, ಅಳತೆಯಿಂದ 3, ಉಳಿದ ಚಿಲ್ಲರೆ ಕಾರಣಗಳಿಂದ 1.4 ಅಂದುಕೊಳ್ಳಿ. ವರ್ಗಗಳು 25, 9, 2. ಒಟ್ಟು 36, ವರ್ಗಮೂಲ 6. ಈಗ ಕಷ್ಟಪಟ್ಟು ಚಿಲ್ಲರೆ ಕಾರಣಗಳನ್ನೆಲ್ಲ ತೊಡೆದು ಹಾಕಿದಿರಿ. ಉಳಿದದ್ದು 34, ಸಿಗ್ಮಾ 5.8. ಏನೂ ಆದ ಹಾಗೆ ಕಾಣುವುದಿಲ್ಲ. ಅದೇ ಬಾರ್‌ನದ್ದನ್ನು ಅರ್ಧ ಮಾಡಿದರೆ ಸಿಗ್ಮಾ 4.2ರ ಹತ್ತಿರ ಬರುತ್ತದೆ. ದೊಡ್ಡದನ್ನು ಬಿಟ್ಟು ಸುಲಭವಾದದ್ದನ್ನು ಹಿಡಿದವರು ವರ್ಷಗಟ್ಟಲೆ ದುಡಿದೂ ಫಲ ಕಾಣದೇ ಇರುವುದು ಇದಕ್ಕೇ.

ಅಳತೆಯನ್ನೇ ಅನುಮಾನಿಸುವುದು ಕಷ್ಟ, ಆದರೆ ಅಲ್ಲಿಂದಲೇ ಶುರು ಮಾಡಬೇಕು. ಹತ್ತು ಪೀಸ್ ತಗೊಂಡು ನಂಬರ್ ಹಾಕಿ. ಮೂವರ ಕೈಯಲ್ಲಿ, ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಾಗದ ಹಾಗೆ, ಎರಡೆರಡು ಸಲ ಅಳೆಸಿ. ಒಬ್ಬರು ಮೈಕ್ರೋಮೀಟರ್‌ನ ರ‍್ಯಾಚೆಟ್ ತಿರುಗಿಸಿ ಒತ್ತಡ ಸಮ ಇಡುತ್ತಾರೆ, ಇನ್ನೊಬ್ಬರು ನೇರವಾಗಿ ಒತ್ತಿ ಹಿಡಿಯುತ್ತಾರೆ. ಅದೇ ಪೀಸ್, ಬೇರೆ ಅಂಕಿ. ಬಿಸಿಯೂ ಲೆಕ್ಕಕ್ಕೆ ಬರುತ್ತದೆ. 25 ಮಿ.ಮೀ. ಉಕ್ಕು 10 ಡಿಗ್ರಿ ಬಿಸಿಯಾದರೆ ಸುಮಾರು 3 ಮೈಕ್ರಾನ್ ಹಿಗ್ಗುತ್ತದೆ. ಮೆಷಿನ್‌ನಿಂದ ತೆಗೆದ ಕೂಡಲೇ ಒಬ್ಬರು, ಟೇಬಲ್ ಮೇಲೆ ಆರಿದ ಮೇಲೆ ಇನ್ನೊಬ್ಬರು ಅಳೆದರೆ ಇಬ್ಬರೂ ಸರಿ, ಅಂಕಿ ಮಾತ್ರ ಬೇರೆ.

ಕೆಲವು ಕಾರಣಗಳನ್ನು ತೆಗೆಯಲು ಆಗುವುದೇ ಇಲ್ಲ, ಅಥವಾ ದುಬಾರಿ. ಆಗ ಇನ್ನೊಂದು ದಾರಿ ಇದೆ. 1950ರ ದಶಕದ ಜಪಾನಿನ ಒಂದು ಟೈಲ್ ಕಾರ್ಖಾನೆಯ ಕಥೆಯನ್ನು ಅಲ್ಲಿನ ಎಂಜಿನಿಯರ್ ಗೆನಿಚಿ ಟಾಗುಚಿ ಅವರ ವಿಧಾನಕ್ಕೆ ಉದಾಹರಣೆಯಾಗಿ ಇವತ್ತಿಗೂ ಹೇಳುತ್ತಾರೆ. ಗೂಡಿನ ಒಳಗೆ ಬಿಸಿ ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಹೊರಗಡೆ ಜೋಡಿಸಿದ ಟೈಲ್ ಒಂದು ಸೈಜ್, ಒಳಗಿನದು ಇನ್ನೊಂದು. ಹೊಸ ಗೂಡು ಕಟ್ಟುವುದು ದುಬಾರಿ. ಅವರು ಗೂಡನ್ನು ಮುಟ್ಟಲಿಲ್ಲ. ಮಣ್ಣಿನ ಪಾಕದಲ್ಲಿ ಏನೇನು ಬದಲಿಸಿದರೆ ಏನಾಗುತ್ತದೆ ಅಂತ ಕ್ರಮವಾಗಿ ಪ್ರಯೋಗ ಮಾಡಿದರು. ಸುಣ್ಣದ ಅಂಶವನ್ನು ಶೇ. 1ರಿಂದ 5ಕ್ಕೆ ಏರಿಸಿದಾಗ ಬಿಸಿಯ ಹೆಚ್ಚುಕಮ್ಮಿಯನ್ನು ಟೈಲ್ ತಡೆದುಕೊಳ್ಳತೊಡಗಿತು. ಸುಣ್ಣ ಅಗ್ಗದ ಸಾಮಾನು. ಏರುಪೇರಿನ ಕಾರಣ ಅಲ್ಲೇ ಇತ್ತು, ಅದರ ಪೆಟ್ಟು ಮಾತ್ರ ಸರಕಿಗೆ ತಾಗಲಿಲ್ಲ.

ಈ ಟಾಗುಚಿ 1954-55ರಲ್ಲಿ ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ಬಂದು ಕೆಲಸ ಮಾಡಿದ್ದರು. ಅದಕ್ಕೂ ಮುಂಚೆ, 1947-48ರಲ್ಲಿ, ಅದನ್ನು ಕಟ್ಟಿದ ಪಿ.ಸಿ. ಮಹಾಲನೋಬಿಸ್ ಅವರ ಕರೆಯ ಮೇಲೆ ಶೂಹಾರ್ಟ್ ಅವರೇ ಸುಮಾರು ಮೂರು ತಿಂಗಳು ಭಾರತದಲ್ಲಿದ್ದರು. 1950ರ ದಶಕದಲ್ಲೇ ಈ ಸಂಸ್ಥೆ ಕಾರ್ಖಾನೆಗಳಿಗೆ ಎಸ್‌ಕ್ಯೂಸಿ ಕಲಿಸಲು ಬೆಂಗಳೂರಿನಲ್ಲೂ ಘಟಕ ತೆರೆಯಿತು. ಈಗ ಮೈಸೂರು ರಸ್ತೆಯಲ್ಲಿ ಅದರ ದೊಡ್ಡ ಕೇಂದ್ರವೇ ಇದೆ. ಈ ವಿದ್ಯೆ ನಮ್ಮ ಊರಿಗೆ ಎಪ್ಪತ್ತು ವರ್ಷ ಹಳೆಯದು. ಆದರೂ ಪೀಣ್ಯದ ಎಷ್ಟೋ ಶೆಡ್‌ಗಳಲ್ಲಿ ಚಾರ್ಟ್ ಅನ್ನುವುದು ಆಡಿಟ್ ಬಂದಾಗ ಒಂದೇ ಪೆನ್ನಿನಲ್ಲಿ ಕೂತು ತುಂಬುವ ಹಾಳೆ ಆಗಿಬಿಟ್ಟಿದೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಚಾರ್ಟ್ ಇರಬೇಕಾದದ್ದು ಮೆಷಿನ್ ಪಕ್ಕದಲ್ಲಿ, ಎಣ್ಣೆ ಕೈಯಲ್ಲಿ.

ಅಣ್ಣನ ಮೆಷಿನ್ ಪಕ್ಕ ನಾವು ಹಾಗೇ ಒಂದು ಹಲಗೆ ನೇತುಹಾಕಿದೆವು. ಚುಕ್ಕೆ ಇಡುವ ಕೆಲಸ ಅವರದ್ದೇ. ಚುಕ್ಕೆಯ ಕೆಳಗೆ ಒಂದು ಸಾಲು ಖಾಲಿ ಬಿಟ್ಟೆ. ಆ ಗಂಟೆಯಲ್ಲಿ ಏನು ಬದಲಾಯಿತೋ ಎರಡು ಪದದಲ್ಲಿ ಬರೆಯಿರಿ ಅಂದೆ. ‘ಇನ್ಸರ್ಟ್ ಹೊಸದು’, ‘ಬಾರ್ ಬೇರೆ ಕಟ್ಟು’, ‘ಕರೆಂಟ್ ಹೋಯ್ತು’, ‘ಕೂಲಂಟ್ ಹಾಕಿದೆ’. ಪ್ರತಿ ಪೀಸಿಗೂ ಆಫ್‌ಸೆಟ್ ಕೊಡದೆ ಇರುವುದು ಮೊದಲ ದಿನಗಳಲ್ಲಿ ಅವರಿಗೆ ತುಂಬಾ ಕಷ್ಟವಾಯಿತು. ಕೈ ತಾನಾಗಿಯೇ ಬಟನ್ ಕಡೆ ಹೋಗುತ್ತಿತ್ತು. ಚುಕ್ಕೆ ಗೆರೆಯ ಒಳಗಿದ್ದರೆ ಕೈಯನ್ನು ಜೇಬಿಗೆ ಹಾಕಿಕೊಂಡು ನಿಲ್ಲುತ್ತಿದ್ದರು.

ಮೂರನೇ ವಾರ ಅವರೇ ನನ್ನನ್ನು ಕರೆದರು. ಆರು ದಿನದ ಹಾಳೆಗಳನ್ನು ಒಂದರ ಪಕ್ಕ ಒಂದು ಹರಡಿದ್ದರು. ಪ್ರತಿ ದಿನ ಒಂದೂವರೆಯ ಚುಕ್ಕೆ ಮೇಲಿನ ಗೆರೆಗೆ ತಾಗಿತ್ತು ಅಥವಾ ದಾಟಿತ್ತು. ಕೆಳಗಿನ ಸಾಲಿನಲ್ಲಿ ಆರು ಸಲವೂ ಅವರ ಕೈಬರಹದಲ್ಲಿ ಒಂದೇ ಪದ: ‘ಊಟ’. ಅರ್ಧ ಗಂಟೆ ಮೆಷಿನ್ ನಿಂತಾಗ ಬಾರ್ ತಿರುಗಿಸುವ ಸ್ಪಿಂಡಲ್ ತಣ್ಣಗಾಗುತ್ತಿತ್ತು. ಮತ್ತೆ ಬಿಸಿಯೇರುವ ತನಕ ಬಂದ ಪೀಸ್‌ಗಳು ದಪ್ಪ. ‘ಊಟ ಮುಗಿಸಿ ಬಂದು ಹತ್ತು ನಿಮಿಷ ಖಾಲಿ ಓಡಿಸಿ ನೋಡ್ತೀನಪ್ಪಾ’ ಅಂದರು. ಮರುದಿನದ ಹಾಳೆಯಲ್ಲಿ ‘ಊಟ’ದ ಪಕ್ಕ ‘10 ನಿ. ಖಾಲಿ’ ಅಂತ ಇತ್ತು. ಒಂದೂವರೆಯ ಚುಕ್ಕೆ ನಡುಗೆರೆಯ ಪಕ್ಕದಲ್ಲೇ ಕೂತಿತ್ತು.